ಮೂವತ್ತೆರಡು ಜೊತೆ ಚಪ್ಪಲಿ

ಒಂದು ಊರಲ್ಲಿ ಒಂದು ಕೆರೆ ಇತ್ತು. ಊರು ಬೆಳೆದು ಸಿಟಿ ಆಯಿತು, ಕೆರೆ ಮಾತ್ರ ಇದ್ದಷ್ಟೇ ಇತ್ತು. ಆ ವಾರ್ಡಿನ ಕಾರ್ಪೊರೇಟರ್ ಕರಿಗಿರಿಯಪ್ಪನ ಕಣ್ಣು ಅದರ ಮೇಲೆ ಬಿತ್ತು. ಒಂದು ಕೆರೆ ಒಣಗಿಸಬೇಕಾದರೆ ಸೂರ್ಯನಿಗೆ ನಾಲ್ಕು ಬೇಸಿಗೆ ಬೇಕು. ಕರಿಗಿರಿಯಪ್ಪ ಆಫೀಸಿನ ಫೈಲಿನಲ್ಲಿ ಒಂದೇ ಮಧ್ಯಾಹ್ನಕ್ಕೆ ಒಣಗಿಸಿಬಿಟ್ಟ. ಆಮೇಲೆ ಲಾರಿ ಲಾರಿ ಮಣ್ಣು ಬಂತು. ಅವನ ಭಾಮೈದ ಆ ಮಣ್ಣಿನ ಮೇಲೆ ನಾಲ್ಕು ಮಹಡಿ ಎಬ್ಬಿಸಿ 'ಲೇಕ್ ವ್ಯೂ' ಅಂತ ಬೋರ್ಡ್ ಹಾಕಿದ. ಕೆರೆ ಎಲ್ಲಿ ಅಂತ ಯಾರಾದರೂ ಕೇಳಿದರೆ ಕಾಲ ಕೆಳಗೆ ತೋರಿಸಬೇಕಿತ್ತು.

ಒಟ್ಟು ಮೂವತ್ತೆರಡು ಮನೆ. ವಾಸಕ್ಕೆ ಒಬ್ಬರೂ ಇಲ್ಲ. ಖಾಲಿ ಕಟ್ಟಡ ಅಂದರೆ ಕೊಳ್ಳುವವರಿಗೆ ಭಯ, ಒಡೆಯುವ ಅಧಿಕಾರಿಗಳಿಗೆ ಧೈರ್ಯ. ಕರಿಗಿರಿಯಪ್ಪ ಯೋಚನೆ ಮಾಡಿದ. ಗೇಟು ಕಾಯುವ ಗವಿಯಪ್ಪನನ್ನು ಕರೆದು ಎರಡು ಗೋಣಿಚೀಲ ಕೊಟ್ಟ. ಒಂದರ ತುಂಬ ಹಳೇ ಬಟ್ಟೆ. ಇನ್ನೊಂದರ ತುಂಬ ಚಪ್ಪಲಿ, ಮದುವೆ ಛತ್ರಗಳ ಬಾಗಿಲಲ್ಲಿ ಮರೆತು ಬಿಟ್ಟು ಹೋದವು.

"ಮನೆಗೊಂದು ಜೊತೆ ಬಾಗಿಲ ಮುಂದೆ ಬಿಡು. ಬೆಳಿಗ್ಗೆ ರಂಗೋಲಿ, ಸಂಜೆ ಲೈಟು. ಬಾಲ್ಕನಿಯಲ್ಲಿ ಬಟ್ಟೆ ನೇತಾಕು. ನೋಡಿದೋರು ಒಳಗೆ ಜನ ಇದ್ದಾರೆ ಅನ್ಕೋಬೇಕು."

"ಸಾರ್, ನನಗೆ ರಂಗೋಲಿ ಬರಲ್ಲ."

"ಸೊಟ್ಟ ಹಾಕು. ಸೊಟ್ಟ ಇದ್ರೇನೇ ಮನೆಯೋರು ಹಾಕಿದ್ದು ಅಂತ ನಂಬೋದು."

ಕ್ಲಾಸಿಗೇ ಬರದ ಹುಡುಗನ ಹೆಸರು ಕರೆದಾಗ ಪಕ್ಕದವನು ಮೂಗು ಹಿಡಿದುಕೊಂಡು "ಯೆಸ್ ಸಾರ್" ಅನ್ನುತ್ತಾನಲ್ಲ, ಹಾಗೆ. ಇಲ್ಲಿ ಒಬ್ಬನೇ ಮೂವತ್ತೆರಡು ಸಲ "ಯೆಸ್ ಸಾರ್" ಅನ್ನಬೇಕಿತ್ತು.

ಗವಿಯಪ್ಪನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಗೇಟಿನ ಪಕ್ಕದ ತಗಡಿನ ಶೆಡ್ಡಲ್ಲಿ ಒಬ್ಬನೇ ಇದ್ದ. ಮೊದಮೊದಲು ಚಪ್ಪಲಿ ಸುಮ್ಮನೆ ಎಸೆದು ಬರುತ್ತಿದ್ದ. ಆಮೇಲೆ ಕಾಲಿನ ಅಳತೆ ನೋಡಿ ಜೋಡಿಸತೊಡಗಿದ. ಆಮೇಲೆ, ಯಾರಿಗೂ ಹೇಳಬೇಡಿ, ಮಾತಾಡತೊಡಗಿದ.

"ಏನ್ರೀ ಇನ್ನೂರ ನಾಲ್ಕು, ಮಳೆ ಬರೋ ಹಂಗಿದೆ, ಬಟ್ಟೆ ತಗೊಳ್ಳಬಾರದಾ?" ಅಂತ ಕೇಳಿ, ತಾನೇ ಹೋಗಿ ತೆಗೆಯುತ್ತಿದ್ದ. ಮೂರನೇ ಮಹಡಿಯ ದೊಡ್ಡ ಬೂಟಿನವನಿಗೆ ನಮಸ್ಕಾರ ಹೊಡೆಯುತ್ತಿದ್ದ. ಮುನ್ನೂರ ಎರಡರ ನೀಲಿ ಚಪ್ಪಲಿಯ ಹೆಂಗಸು ಅವನಿಗೆ ಬಹಳ ಇಷ್ಟ. ಅವಳು ಯಾವತ್ತೂ ಬೈದಿರಲಿಲ್ಲ. ಹೇಗೆ ಬೈಯುತ್ತಾಳೆ ಪಾಪ.

ಕಾಂಪೌಂಡಿಗೆ ಆಗಾಗ ಒಂದು ನೋಟಿಸು ಅಂಟಿರುತ್ತಿತ್ತು. 'ಇದು ಸರ್ಕಾರಿ ಕೆರೆ ಜಾಗ, ಕಟ್ಟಡ ತೆರವು ಮಾಡಲಾಗುವುದು.' ಅದನ್ನು ಕಿತ್ತು ಸುಣ್ಣ ಬಳಿಯುವುದೂ ಗವಿಯಪ್ಪನ ಕೆಲಸವೇ. ಹಾಗಾಗಿ ಕಟ್ಟಡ ಒಂದಲ್ಲ ಒಂದು ದಿನ ಬೀಳುತ್ತದೆ ಅಂತ ಅವನಿಗೆ ಗೊತ್ತಿತ್ತು.

ಒಂದು ಸಂಜೆ ಮನೆ ನೋಡಲು ಫಿಲೋಮಿನಾ ಬಂದರು. ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದು ರಿಟೈರ್ ಆದವರು. ಅವರಿಗೂ ಮನೆಯಲ್ಲಿ ಯಾರೂ ಇರಲಿಲ್ಲ. ಬಂದ ದುಡ್ಡೆಲ್ಲ ಹಾಕಿ ಒಂದು ಮನೆ ತೆಗೆದುಕೊಳ್ಳಬೇಕು ಅಂತಿದ್ದರು. ಗಿರಾಕಿ ಬಂದರೆ ಖಾಲಿ ಮನೆಯೊಂದರಲ್ಲಿ ಕುಕ್ಕರ್ ಕೂಗಿಸಬೇಕು ಅಂತ ಭಾಮೈದನ ಆರ್ಡರ್ ಇತ್ತು. ಗವಿಯಪ್ಪ ಬರೀ ನೀರು ಹಾಕಿ ಮೂರು ಸೀಟಿ ಕೂಗಿಸಿ ಕೆಳಗೆ ಬಂದ.

ಮನೆ ತೋರಿಸುತ್ತಿದ್ದ ಭಾಮೈದ ಫೋನು ಹಿಡಿದು ಆಚೆ ಹೋದಾಗ ಫಿಲೋಮಿನಾ ಗವಿಯಪ್ಪನನ್ನು ಕೇಳಿದರು. "ಅಣ್ಣಾ, ನನಗೆ ಕೆರೆ ಗಿರೆ ಬೇಡ. ಪಕ್ಕದ ಮನೆ ಬೇಕು. ಇಲ್ಲಿ ಜನ ಹೆಂಗೆ?"

ಗವಿಯಪ್ಪನ ಬಾಯಿ ತಡೆಯಲಿಲ್ಲ. "ಬಹಳ ಒಳ್ಳೇ ಜನ ಸಿಸ್ಟರ್. ಮುನ್ನೂರ ಎರಡರ ಅಕ್ಕನಂತೂ ಜೋರಾಗಿ ಮಾತಾಡಿದ್ದೇ ಇಲ್ಲ."

"ಹಂಗಾದ್ರೆ ಅದರ ಪಕ್ಕದ್ದೇ ತಗೊಳ್ತೀನಿ. ನಾಳೆ ಬೆಳಿಗ್ಗೆ ಬಂದು ಸೈನ್ ಹಾಕ್ತೀನಿ. ನಾನು ಬಂದ್ಮೇಲೆ ಸಂಜೆ ಟೀಗೆ ಬಾರಪ್ಪಾ. ಒಬ್ಬಳಿಗೇ ಟೀ ಮಾಡಿ ಮಾಡಿ ನನಗೆ ಅರ್ಧ ಲೋಟದ ಅಳತೆಯೇ ಕೈಗೆ ಕೂತುಬಿಟ್ಟಿದೆ."

ಅವರು ಹೋದಮೇಲೆ ಗವಿಯಪ್ಪ ಮೂರನೇ ಮಹಡಿಗೆ ಹತ್ತಿದ. ಎಷ್ಟೋ ವರ್ಷದ ಮೇಲೆ ಒಬ್ಬರು ಅವನನ್ನು ಟೀಗೆ ಕರೆದಿದ್ದರು. ಸುಮ್ಮನಿದ್ದರೆ ಸಾಕು, ನಾಳೆಯಿಂದ ಮಾತಾಡಲು ನಿಜವಾದ ಮನುಷ್ಯರು ಸಿಗುತ್ತಾರೆ. ಒಂದು ವರ್ಷವೋ, ಆರು ತಿಂಗಳೋ, ಕಟ್ಟಡ ಇರುವವರೆಗೆ.

"ಏನ್ಮಾಡ್ಲಿ ಅಕ್ಕಾ?" ಅಂತ ನೀಲಿ ಚಪ್ಪಲಿಯನ್ನು ಕೇಳಿದ. ಅದರ ಮೇಲೆ ಬೆರಳ ಗುರುತು ಮೂಡುವಷ್ಟು ಧೂಳಿತ್ತು.

ಮಾರನೇ ದಿನ ಬೆಳಿಗ್ಗೆ ಫಿಲೋಮಿನಾ ಬಂದಾಗ ಒಂದು ಬಾಗಿಲಲ್ಲೂ ರಂಗೋಲಿ ಇರಲಿಲ್ಲ. ಗೇಟಿನ ಮುಂದೆ ಚಪ್ಪಲಿ ರಾಶಿ ಬಿದ್ದಿತ್ತು.

"ಸಿಸ್ಟರ್, ಇಲ್ಲಿ ಇರೋನು ನಾನೊಬ್ಬನೇ. ಇದು ಕೆರೆ. ಒಡೀತಾರೆ. ನೋಟಿಸ್ ಕಿತ್ತು ಹಾಕೋನೂ ನಾನೇ."

ಅವರು ರಾಶಿಯನ್ನೇ ನೋಡಿದರು. "ಮುನ್ನೂರ ಎರಡು?"

ಗವಿಯಪ್ಪ ಕೈಯಲ್ಲಿ ಹಿಡಿದಿದ್ದ ನೀಲಿ ಚಪ್ಪಲಿ ತೋರಿಸಿದ.

ಫಿಲೋಮಿನಾ ಆಟೋ ಹತ್ತಿ ನೇರ ಅಧಿಕಾರಿಗಳ ಹತ್ತಿರ ಹೋಗಿ, ಕಂಡಿದ್ದು ಕೇಳಿದ್ದು ಎಲ್ಲ ಬರೆದುಕೊಟ್ಟರು.

ವಾರದಲ್ಲಿ ಜೆಸಿಬಿ ಬಂತು. ಹಿಂದೆಯೇ ಕರಿಗಿರಿಯಪ್ಪ ಮೈಕು, ಕ್ಯಾಮೆರಾದವರ ಜೊತೆ ಬಂದ. "ಒಳಗೆ ಮೂವತ್ತೆರಡು ಸಂಸಾರ ಇವೆ. ಬಡವರ ಹೊಟ್ಟೆ ಮೇಲೆ ಹೊಡೀತೀರಾ?" ಅಂತ ಅಧಿಕಾರಿಯನ್ನು ಕೇಳಿ, ತನ್ನ ಸುಳ್ಳನ್ನು ತಾನೇ ನಂಬಿದವನ ಹಾಗೆ ಕಟ್ಟಡದ ಕಡೆ ತಿರುಗಿ ಮೈಕಲ್ಲಿ ಕೂಗಿದ. "ತಾಯಂದಿರೇ, ಅಣ್ಣಂದಿರೇ, ಎಲ್ಲ ಹೊರಗೆ ಬನ್ನಿ, ನಾನಿದ್ದೀನಿ."

ಯಾರೂ ಬರಲಿಲ್ಲ. ಇನ್ನೊಂದು ಸಲ ಕೂಗಿದ. ಎರಡನೇ ಮಹಡಿಯಿಂದ ಒಂದು ಪಾರಿವಾಳ ಹೊರಗೆ ಬಂತು. ಕ್ಯಾಮೆರಾದವರು ಅದನ್ನೇ ತೆಗೆದರು.

ಅಧಿಕಾರಿ ಗವಿಯಪ್ಪನನ್ನು ಕೇಳಿದ. "ಒಳಗೆ ಎಷ್ಟು ಜನ ಇದ್ದಾರಪ್ಪಾ?"

"ಇದ್ದವನು ಒಬ್ಬ ಸಾರ್. ಹೊರಗೆ ಬಂದಿದ್ದೀನಿ."

ಕಟ್ಟಡ ಬಿತ್ತು. ಫೈಲಿನಲ್ಲಿ ಕೆರೆ ಒಣಗಿಸಿದ್ದೂ ಬಯಲಾಗಿ, ಕರಿಗಿರಿಯಪ್ಪನೂ ಭಾಮೈದನೂ ಕೋರ್ಟು ಸುತ್ತುವ ಹಾಗಾಯಿತು. ಗವಿಯಪ್ಪನ ಕೆಲಸ ಹೋಯಿತು. ಮಾರ್ಕೆಟ್ ಹಿಂದಿನ ವಠಾರದಲ್ಲಿ ಒಂದು ಸಣ್ಣ ರೂಮು ಹಿಡಿದು, ಹಗಲು ತರಕಾರಿ ಮೂಟೆ ಹೊರತೊಡಗಿದ. ಆ ರಾಶಿಯಲ್ಲಿ ಅವನು ಉಳಿಸಿಕೊಂಡಿದ್ದು ನೀಲಿ ಚಪ್ಪಲಿ ಮಾತ್ರ. ಅದನ್ನು ತನ್ನ ಚಪ್ಪಲಿಯ ಪಕ್ಕ ಬಾಗಿಲ ಮುಂದೆ ಇಟ್ಟ. ಹೋಗಿ ಬರುವವರು, ಪರವಾಗಿಲ್ಲ, ಇವನಿಗೂ ಜನ ಇದ್ದಾರೆ ಅನ್ಕೊಳ್ಳಲಿ ಅಂತ. ಅಭ್ಯಾಸ ಬಿಡಬೇಕಲ್ಲ.

ಮೂರು ತಿಂಗಳು ಕಳೆಯಿತು. ಯಾರೂ ಅವನ ಬಾಗಿಲು ತಟ್ಟಲಿಲ್ಲ.

ಒಂದು ದಿನ ಮೂಟೆ ಇಳಿಸಲು ಬಸ್ ಸ್ಟ್ಯಾಂಡಿಗೆ ಹೋದಾಗ ಫಿಲೋಮಿನಾ ಕಂಡರು. ಕೈಯಲ್ಲಿ ಟ್ರಂಕು.

"ಹಾಸನಕ್ಕೆ ಹೊರಟೆ ಅಣ್ಣಾ. ನನ್ನ ಜೊತೆ ಕೆಲಸ ಮಾಡಿದ ಸಿಸ್ಟರ್ ಒಬ್ಬಳಿದ್ದಾಳೆ, ಇನ್ಮೇಲೆ ಅಲ್ಲೇ. ಹೆಂಗಿದ್ದಾರೆ ನಿಮ್ಮನೆಯೋರು?"

"ಯಾವ ಮನೆಯೋರು?"

"ನಿಮ್ಮ ರೂಮು ವಿಚಾರಿಸಿಕೊಂಡು ಎರಡು ಸಲ ಬಂದಿದ್ದೆ, ಫ್ಲಾಸ್ಕಲ್ಲಿ ಟೀ ತಗೊಂಡು. ವಠಾರದ ಕತ್ತಲಲ್ಲೂ ಬಾಗಿಲಲ್ಲಿ ಹೆಂಗಸಿನ ಚಪ್ಪಲಿ ಕಂಡಿತು. ಸದ್ಯ, ಯಾರೋ ಜೊತೆಗಿದ್ದಾರೆ, ಮಧ್ಯೆ ನಾನ್ಯಾಕೆ ಅಂತ ವಾಪಸ್ ಹೋದೆ."

ಗವಿಯಪ್ಪ ಬಾಯಿ ತೆರೆದ. ಅಷ್ಟರಲ್ಲಿ ಕಂಡಕ್ಟರ್ "ಹಾಸನ, ಹಾಸನ" ಅಂತ ಕೂಗಿ ಸೀಟಿ ಊದಿದ. ಟ್ರಂಕು ಮೇಲೆ ಹತ್ತಿಸಿಕೊಡುವಷ್ಟರಲ್ಲಿ ಬಸ್ಸು ಹೊರಟಿತು.

ಅವತ್ತು ಸಂಜೆ ಗವಿಯಪ್ಪ ನೀಲಿ ಚಪ್ಪಲಿ ಎತ್ತಿ ಒಳಗಿಟ್ಟ. ಹೊರಗೆ ಅವನದೊಂದೇ ಜೊತೆ ಉಳಿಯಿತು. ಬಾಗಿಲು ಹಾಕಲಿಲ್ಲ. ಸ್ಟೋವಿನ ಮೇಲೆ ಎರಡು ಲೋಟದಷ್ಟು ಟೀಗೆ ನೀರಿಟ್ಟು ಕೂತ.

ನೀತಿ: ಇಲ್ಲದ ಜನರನ್ನು ಇದ್ದಾರೆ ಅಂತ ತೋರಿಸಿ ಕಟ್ಟಿದ್ದು ಮಣ್ಣಿಗೆ ಬೀಳುತ್ತದೆ, ಕಾರ್ಪೊರೇಟರ್ ಕಟ್ಟಿದ್ದಾದರೂ ಅಷ್ಟೇ, ವಾಚ್‌ಮನ್ ಕಟ್ಟಿದ್ದಾದರೂ ಅಷ್ಟೇ. ಒಂಟಿಯಾಗಿದ್ದರೆ ಒಂಟಿ ಅಂತ ಗೊತ್ತಾಗಲಿ ಬಿಡಿ. ನಮ್ಮ ಸುಳ್ಳು ನೋಡಿ ಬಾಗಿಲಿಂದಲೇ ವಾಪಸ್ ಹೋಗುವವರು, ನಮಗಾಗಿ ಬಂದವರೇ ಆಗಿರುತ್ತಾರೆ.