ಲಾಬಿ ಗೋಡೆಯ ಕಲೆ

ಮೈಸೂರಿನ ಭಾರಿ ಹೋಟೆಲೊಂದರ ಲಾಬಿಯಲ್ಲಿ ಆಧುನಿಕ ಚಿತ್ರಗಳ ಪ್ರದರ್ಶನ. ಕೈಬೀಸಿ ಅಪ್ಪಣೆ ಕೊಡುವ ಭರದಲ್ಲಿ ಮ್ಯಾನೇಜರು ಬಿಳಿ ಗೋಡೆಗೆ ಕಾಫಿ ಚೆಲ್ಲಿದರು. ಬೈಸಿಕೊಂಡವಳು ಮಾತ್ರ ಕಸ ಗುಡಿಸುವ ದೇವೀರಮ್ಮ.

“ಅತಿಥಿಗಳು ಅರಮನೆ ನೋಡಿ ಬರೋದ್ರೊಳಗೆ ಈ ಕಲೆ ಹೋಗಿರಬೇಕು. ಇಲ್ಲಾಂದ್ರೆ ನಿನ್ನ ಕೆಲಸ ಹೋಗುತ್ತೆ!”

ಎಷ್ಟು ತಿಕ್ಕಿದರೂ ಕಲೆ ಜಪ್ಪಯ್ಯ ಅನ್ನಲಿಲ್ಲ. ದೇವೀರಮ್ಮ ಖಾಲಿ ಚೌಕಟ್ಟೊಂದನ್ನು ತಂದು ಆ ಕಲೆಯ ಸುತ್ತ ತೂಗುಹಾಕಿದಳು.

ಬಂದ ಅತಿಥಿಗಳೆಲ್ಲ ಅಲ್ಲೇ ಮುತ್ತಿಕೊಂಡರು. “ಆಹಾ! ಅರಮನೇಲೂ ಇಂಥದ್ದು ನೋಡಲಿಲ್ಲ!”

ಮ್ಯಾನೇಜರು ಪಿಸುಗುಟ್ಟಿ ಗದರಿದರು: “ಕಲೆ ತೆಗಿ ಅಂದ್ರೆ ಇದೇನು ಮಾಡಿದ್ದೀಯ?”

“ಮೊದಲು ಅದು ಕಾಫಿ ಕಲೆ, ಸಾರ್. ಚೌಕಟ್ಟು ಹಾಕಿದ ಮೇಲೆ ಬರೀ ಕಲೆ.”

“ಇದು ಯಾರ ಕೈಚಳಕ?” ಅತಿಥಿಯೊಬ್ಬರು ಕೇಳಿದರು.

ದೇವೀರಮ್ಮ ವಿನಯದಿಂದ ಮ್ಯಾನೇಜರನ್ನು ತೋರಿಸಿದಳು. ಚಪ್ಪಾಳೆಯೋ ಚಪ್ಪಾಳೆ!

ಮರುದಿನ ಮ್ಯಾನೇಜರ ಹೊಸ ಅಪ್ಪಣೆ: “ಆ ಗೋಡೆ ಒರೆಸಿದವರ ಕೆಲಸ ಹೋಗುತ್ತೆ!”