ಬಳೆಗಾರ್ತಿ ಮಗಳ ಮುಷ್ಟಿ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಾಲುಹಲ್ಲು ಬರದಿದ್ದಾಗ, ಒಂದೂರಲ್ಲಿ ಕೊಟ್ರವ್ವ ಅಂತ ಬಳೆಗಾರ್ತಿ ಇದ್ದಳಂತೆ. ಕಣ್ಣು ಮುಚ್ಚಿಕೊಂಡೇ ಕೇಳು ಮಗಾ. ಎಂಥ ಒರಟು ಕೈಗೂ ಅವಳು ನೋಯದ ಹಾಗೆ ಬಳೆ ಏರಿಸ್ತಿದ್ದಳಂತೆ. ಬೆರಳು ಒಟ್ಟುಗೂಡಿಸಿ, ಹೆಬ್ಬೆರಳು ಒಳಕ್ಕೆ ಮಡಿಸಿ, ನಿಮ್ಮ ತವರು ಯಾವೂರು ತಾಯಿ ಅಂತ ಕೇಳೋದು, ಅವರು ಹೇಳ್ತಾ ಹೇಳ್ತಾ ಕೈ ಸಡಿಲ ಬಿಡೋದು, ಅಷ್ಟರಲ್ಲಿ ಬಳೆ ಮಣಿಕಟ್ಟಿಗೆ ಬಂದಿರೋದು. ಕೈ ಹೆದರಿದರೆ ಗಾಜು ಒಡೆಯುತ್ತೆ ಅಂತ ಅವಳೇ ಹೇಳ್ತಿದ್ದಳಂತೆ.

ಆದರೆ ದಿನವೆಲ್ಲ ಮನೆಮನೆ ತಿರುಗಿ, ಎಲ್ಲರ ಹತ್ತಿರ ನಗುನಗುತ್ತ ಮಾತಾಡಿ, ಸಂಜೆ ಮನೆ ಸೇರೋ ಹೊತ್ತಿಗೆ ತಾಳ್ಮೆಯೆಲ್ಲ ಬರಿದಾಗಿರ್ತಿತ್ತಂತೆ. ಐದು ವರ್ಷದ ಮಗಳು ತಿಪ್ಪಿ ನೀರು ಚೆಲ್ಲಿದರೆ ಒಂದೇಟು, ಊಟಕ್ಕೆ ಹಟ ಮಾಡಿದರೆ ಒಂದೇಟು, ಅತ್ತರೆ ಯಾಕೆ ಅಳ್ತೀಯ ಅಂತ ಇನ್ನೊಂದೇಟು. ಆಮೇಲೆ ಮರೆತುಬಿಡೋಳಂತೆ. ಹೊಡೆದೋರಿಗೆ ಮರೆಯೋದು ಸುಲಭ ಮಗಾ.

ಹೀಗಿರುವಾಗ ಗೌಡರ ಸೊಸೆಗೆ ಏಳು ತಿಂಗಳು ತುಂಬಿ ಬಳೆ ತೊಡಿಸೋ ಶಾಸ್ತ್ರ ಬಂತಂತೆ. ಬಸುರಿಗೆ ತೊಡಿಸೋ ಮುಂಚೆ ಒಂದು ಹೆಣ್ಣುಮಗುವಿಗೆ ತೊಡಿಸಬೇಕು ಅನ್ನೋದು ಆ ಊರಿನ ರೂಢಿ. ನಿನ್ನ ಮಗಳೇ ಜೊತೇಲಿದ್ದಾಳಲ್ಲ, ಕೂರಿಸು ಅಂದರಂತೆ ಗೌಡರ ಮನೆಯವರು. ಕೊಟ್ರವ್ವ ಕೈ ಹಿಡಿದದ್ದೇ ತಡ, ತಿಪ್ಪಿ ಮುಷ್ಟಿ ಬಿಗಿದಳಂತೆ. ಮುದ್ದು ಮಾಡಿ ಏರಿಸಿದಳು, ಬಳೆ ಒಡೀತು. ಬೆಲ್ಲ ಕೊಟ್ಟು ಏರಿಸಿದಳು, ಅದೂ ಒಡೀತು. ಮನೆಗೆ ಬಾ, ನೋಡ್ಕೋತೀನಿ ಅಂತ ಹಲ್ಲುಕಚ್ಚಿ ಪಿಸುಗುಟ್ಟಿ ಏರಿಸಿದಳು, ಮೂರನೇದೂ ಒಡೀತಂತೆ.

ಆಗ ಮೂಲೇಲಿದ್ದ ಮುದುಕಿ ಕೇಳಿದಳಂತೆ: "ಏನೇ ಕೊಟ್ರಿ, ಊರ ಕೈಯೆಲ್ಲ ನಿನಗೆ ಒಲಿಯುತ್ತೆ, ಮನೆ ಕೈ ಯಾಕೆ ಮುನಿದಿದೆ?"

ಗೌಡರ ಸೊಸೆ ಮಗೂನ ಹತ್ತಿರ ಕರೆದು ಕೈ ಹಿಡಿದರೆ ಆ ಮುಷ್ಟಿ ತಾನೇ ಬಿಚ್ಚಿಕೊಳ್ತಂತೆ, ಬಳೆ ಸರ್ರನೆ ಏರ್ತಂತೆ. ಕೊಟ್ರವ್ವ ತಲೆ ಎತ್ತಲಿಲ್ಲ. ಉಳಿದ ಬಳೆಯೆಲ್ಲ ಹೇಗೆ ತೊಡಿಸಿದಳೋ ಅವಳಿಗೇ ಗೊತ್ತಿಲ್ಲ.

ಮನೆ ಬಾಗಿಲಿಗೆ ಬಂದಾಗ ತಿಪ್ಪಿ, ಉಣ್ಣೋಕೆ ಕೂರಲಾ ಅಂತ ಕೇಳೋ ಹಾಗೆ ಕೇಳಿದಳಂತೆ: "ಅವ್ವಾ, ಈಗ ಹೊಡೀತೀಯಾ?"

ಕೊಟ್ರವ್ವ ಹೊಸ್ತಿಲಲ್ಲೇ ಕೂತಳಂತೆ. ಇಲ್ಲ ಕಂದ, ತಪ್ಪು ನಂದು ಅಂದಳಂತೆ. ಮಗಳು ಬಿಡಲಿಲ್ಲ. ಸಿಟ್ಟು ಬಂದಾಗ ಆ ಕೈ ಎಲ್ಲಿಡ್ತೀಯ ಅಂದಳಂತೆ. ಅವ್ವನಿಗೆ ತೋಚಿದ್ದು ಇಷ್ಟೇ. ಕೂತುಬಿಡ್ತೀನಿ, ತೊಡೆ ಕೆಳಗೆ ಇಟ್ಕೋತೀನಿ ಅಂದಳಂತೆ. ತಿಪ್ಪಿ ನಂಬಲಿಲ್ಲ.

ಮಾರನೇ ದಿನ ತಿಪ್ಪಿ ಕೈಯಿಂದ ನೀರು ಚೆಲ್ಲಿತು. ಕೊಟ್ರವ್ವ ಕೂತಳು, ಕೈ ಸುಮ್ಮನಾಯ್ತು, ಬಾಯಿ ಸುಮ್ಮನಾಗಲಿಲ್ಲ. ಅದರ ಮಾರನೇ ದಿನ ಬಾಯಿಯೂ ಸುಮ್ಮನಾಯ್ತಂತೆ. ಮೂರನೇ ದಿನ ತಿಪ್ಪಿ ಬಳೆ ಪೋಣಿಸಿಟ್ಟಿದ್ದ ಮಲಾರದ ಹಗ್ಗ ಬಿಚ್ಚಿಬಿಟ್ಟಳು, ಬಳೇಲಿ ಅರ್ಧ ಕೆಳಗೆ ಬಿದ್ದು ಒಡೆದುಹೋಯ್ತಂತೆ. ಅವ್ವನ ಕೈ ಎದ್ದೇಬಿಡ್ತು. ಮಗು ಎರಡೂ ಕೈಯಿಂದ ತಲೆ ಮುಚ್ಚಿಕೊಳ್ತು. ಅದನ್ನ ನೋಡಿ ಕೊಟ್ರವ್ವನಿಗೆ ನಾಚಿಕೆಯಾಗಿ, ಕೈ ಇಳಿಸಿ ಕೂತಳಂತೆ. ಉಸಿರು ಸಮಕ್ಕೆ ಬರೋವರೆಗೂ ಕೂತೇ ಇದ್ದಳಂತೆ.

ಆಮೇಲೆ ಮೆಲ್ಲಗೆ ಹೇಳಿದಳಂತೆ: "ಅಲ್ಲೇ ನಿಲ್ಲು, ಕಾಲಿಗೆ ಗಾಜಿನ ಚೂರು ಚುಚ್ಚುತ್ತೆ. ಕೇಳದೆ ಬಿಚ್ಚಿದ್ದು ತಪ್ಪು. ನಾನು ಗುಡಿಸ್ತೀನಿ. ಉಳಿದದ್ದನ್ನ ನೀನು ಬಣ್ಣ ನೋಡಿ ಜೋಡಿಸು. ಮುಗಿಯೋವರೆಗೂ ಆಟ ಇಲ್ಲ."

ತಿಪ್ಪಿ ಅತ್ತಳು, ಮುಖ ಊದಿಸಿಕೊಂಡಳು, ಆದರೂ ಜೋಡಿಸಿದಳಂತೆ. ಕೊನೆಗೆ ಒಂದು ಪುಟ್ಟ ಕೆಂಪು ಬಳೆ ಹಿಡಿದು ತಾನೇ ಬಂದು ಕೈ ಚಾಚಿದಳಂತೆ. ಮುಷ್ಟಿ ಇನ್ನೂ ಬಿಗಿಯಾಗಿತ್ತು. ಅವ್ವ ಎಳೀಲಿಲ್ಲ, ಕಾದಳಂತೆ. ಒಂದೊಂದೇ ಬೆರಳು ಬಿಚ್ಚಿತು. ಬಳೆ ಗೆಣ್ಣಿನ ಹತ್ತಿರ ನಿಂತಾಗ ತಿಪ್ಪಿ, ನೋಯುತ್ತೆ ಅವ್ವಾ, ನಿಧಾನ ಅಂದಳಂತೆ. ಆಯ್ತು ತಾಯಿ ಅಂತ ಅವಳು ನಿಧಾನವಾಗೇ ಏರಿಸಿದಳಂತೆ.

ಅವತ್ತು ಅವ್ವ ಮಗಳು ಒಂದೇ ತಟ್ಟೇಲಿ ಉಂಡರಂತೆ. ಇಲ್ಲಿಗೆ ಅವರ ಕತೆ ಮುಗೀತು, ನಿನ್ನ ನಿದ್ದೆ ಶುರುವಾಯ್ತು.