ತವರು ಮರೆತ ಸೂಜಿ

ಭೂಮಿ ಇನ್ನೂ ಹೊಸ ಮಡಕೆಯ ಹಾಗೆ ಬೆಚ್ಚಗಿದ್ದ ಕಾಲ. ಆಗ ಕಲ್ಲೂ ಮಾತಾಡುತ್ತಿತ್ತು, ಗಾಳಿಯೂ ಮಾತಾಡುತ್ತಿತ್ತು. ಯಾರ ಬಾಯಿಗೂ ಬೀಗವಿರಲಿಲ್ಲ ಅನ್ನಿ!

ಉತ್ತರ ದಿಕ್ಕಿನ ಬಡಗಣ ಬೆಟ್ಟಕ್ಕೆ ಕರಿಯವ್ವ ಅಂತ ಒಬ್ಬಳು ಮಗಳು, ಕಬ್ಬಿಣದ ಕಲ್ಲು. ಹೊಳೆ ಅವಳನ್ನು ಉರುಳಿಸಿಕೊಂಡು ಬಂದು ಕಮ್ಮಾರರ ಮೋನಮ್ಮಜ್ಜಿಯ ಬಾಗಿಲಲ್ಲಿ ಬಿಟ್ಟಿತು. ಮಕ್ಕಳಿಲ್ಲದ ಅಜ್ಜಿಗೆ ಅವಳೇ ಮಗಳಾದಳು. ಎತ್ತ ತಿರುಗಿಸಿಟ್ಟರೂ ಕರಿಯವ್ವ ಮೆಲ್ಲಗೆ ಹೊರಳಿ ಬಡಗಲಿಗೇ ಮುಖ ಮಾಡುತ್ತಿದ್ದಳು.

"ಅಗೋ, ಅಲ್ಲಿ ನನ್ನ ತವರು!" ಎನ್ನುತ್ತಿದ್ದಳು.

ಒಂದು ದಿನ ಅವಳೇ ಹಟ ಹಿಡಿದಳು. "ಅಜ್ಜೀ, ಕಲ್ಲಾಗಿ ಕೂತು ಸಾಕಾಯ್ತು. ನನ್ನನ್ನ ಸೂಜಿ ಮಾಡು."

ಅಜ್ಜಿ ತಿದಿ ಒತ್ತಿದಳು, ಕೆಂಪಗೆ ಕಾಯಿಸಿದಳು, ಬಡಿದು ಸೂಜಿ ಮಾಡಿದಳು. "ಬಡಗಲಿಗೆ ತಲೆ ಹಾಕಿ ಮಲಗಬಾರದು ಕಂದಾ" ಎಂದು ಮುದ್ದಿನಿಂದ ಮೂಡಲಿಗೆ ತಲೆ ಮಾಡಿ ಆರಲು ಮಲಗಿಸಿದಳು.

ಆರಿದ ಕರಿಯವ್ವ ಅಳತೊಡಗಿದಳು. "ಅಜ್ಜೀ, ನನ್ನ ತವರು ಯಾವ ಕಡೆ? ಒಂದೂ ನೆನಪಿಲ್ಲ!"

ಅಜ್ಜಿ ಹಣೆ ಚಚ್ಚಿಕೊಂಡಳು. "ಅಯ್ಯೋ, ನನ್ನ ಕೈ ಸೇದಿಹೋಗಲಿ!"

ಗಾಳಿ ಬಂದು ಹೇಳಿತು. "ಬೆಂಕಿಯಲ್ಲಿ ಅವಳಿಗೆ ತವರು ಮರೆಯುತ್ತೆ ಕಣಮ್ಮ. ಆರುವಾಗ ಬೆಟ್ಟದಮ್ಮನ ದನಿ ಕೇಳಬೇಕು. ನೀನು ಅಡ್ಡಡ್ಡ ಮಲಗಿಸಿದರೆ ಹೇಗೆ ಕೇಳೀತು? ಮತ್ತೆ ಕಾಯಿಸು, ಬಡಗಲಿಗೆ ತಲೆ ಹಾಕಿಸು."

"ಶಿವನೇ! ಹಿರಿಯರು ಏನಂದಾರು?"

"ಹಿರಿಯರು ಹೇಳಿದ್ದು ಮನುಷ್ಯರಿಗೆ. ಸೂಜಿಗಲ್ಲ."

ಕರಿಯವ್ವ ಹಿಂದೆ ಸರಿದಳು. "ಒಂದು ಸಲಕ್ಕೇ ತವರು ಮರೆಯಿತು, ಮತ್ತೆ ಬೆಂಕಿಗೆ ಹಾಕಿದರೆ ನಿನ್ನನ್ನೂ ಮರೆತೇನು ಅಜ್ಜೀ."

ಅಜ್ಜಿಗೆ ಸಂಕಟವಾಯಿತು, ಬಹಳ ಸಂಕಟವಾಯಿತು. ಆದರೂ ಅಂದಳು, "ಮರೆತರೆ ಮರೆ. ತವರು ಮರೆತ ಹೆಣ್ಣಿನ ಅಳು ನನ್ನ ಕೈಲಿ ನೋಡಲಾಗದು."

ಮತ್ತೆ ಕಾಯಿಸಿದಳು. ಬಡಗಲಿಗೆ ತಲೆ ಮಾಡಿ ಮಲಗಿಸಿ, ಸುತ್ತಿಗೆಯಿಂದ ಮೆಲ್ಲಮೆಲ್ಲಗೆ ತಟ್ಟಿದಳು. ಬೆಟ್ಟದಮ್ಮನ ದನಿ ನೆಟ್ಟಗೆ ಬಂತು. ಕೇಳಿದ್ದು ಜಾರಿಹೋಗಬಾರದು ಅಂತ, ಸೂಜಿಯ ತಲೆ ತಿರುಗಿಸದೆ ಹಾಗೇ ತಣ್ಣೀರಿಗೆ ಅದ್ದಿದಳು. ಚೊಂಯ್!

ನೂಲಿಗೆ ಕಟ್ಟಿ ತೂಗಿಬಿಟ್ಟಳು. ಕರಿಯವ್ವ ಗಿರ್ರನೆ ತಿರುಗಿ ಬಡಗಲಿಗೆ ನಿಂತಳು. "ಅಗೋ ಅಮ್ಮ!" ಎಂದು ನಕ್ಕಳು. ಆಮೇಲೆ ಅಜ್ಜಿಯನ್ನು ನೋಡಿ, "ನೀವು ಯಾರು?" ಎಂದಳು.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಸುತ್ತಿಗೆ ಎತ್ತಿಡಹೋದಳು. ಅಷ್ಟರಲ್ಲಿ ಕರಿಯವ್ವ ಟಕ್ಕನೆ ಹಾರಿ ಆ ಸುತ್ತಿಗೆಯನ್ನು ಅಪ್ಪಿಕೊಂಡಳು. "ಯಾರೋ ಗೊತ್ತಿಲ್ಲ, ಬಿಡೋಕೆ ಮನಸ್ಸಿಲ್ಲ" ಎಂದಳು.

ಅದಕ್ಕೇ ಮಕ್ಕಳೇ, ಕೆಂಪಗೆ ಕಾದ ಅಯಸ್ಕಾಂತ ಇವತ್ತಿಗೂ ಎಲ್ಲ ಮರೆಯುತ್ತದೆ. ಬಡಗಲಿಗೆ ತಲೆ ಮಾಡಿ ಆರಿಸಿದರೆ ಮತ್ತೆ ತವರನ್ನೇ ನೋಡುತ್ತದೆ, ಯಾರ ಮನೆಯ ಸುತ್ತಿಗೆ ಕಂಡರೂ ಹೋಗಿ ಅಂಟಿಕೊಳ್ಳುತ್ತದೆ.